ಸಣ್ಣ ಕಾರಿನಲ್ಲಿ ಅಮೆರಿಕ

ಕೆ.ಬಿ. ಬಡಾವಣೆ, ದಾವಣಗೆರೆ
12 ಸೆಪ್ಟೆಂಬರ್ 2024

ಸೌಭಾಗ್ಯವತಿ ಕಸ್ತೂರಮ್ಮನಿಗೆ,

ನೀನು ಕೇಳಿ ಮೂರ್ನಾಲ್ಕು ದಿನವಾಯಿತು, ಉತ್ತರ ಈಗ ಬರೀತಿದೀನಿ, ಸಿಟ್ಟಾಗಬ್ಯಾಡ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ಈ ನಿನ್ನ ಯಜಮಾನನ ಕಂಠ ಗೊತ್ತಲ್ಲ, ನಾಟಕದ ಕಟ್ಟಕಡೆಯ ಚಾಪೆಯವನಿಗೂ ಮುಟ್ಟಲೆಂದು ಬೆಳೆಸಿದ್ದು. ಕಾರಿನಲ್ಲಿ ಕೂತ ನಾಲ್ವರಿಗೂ ಕೇಳಿಬಿಡುತ್ತೆ. ಅದಕ್ಕೇ ಈ ಹಾಳೆಯ ಫೋಟೋ. ಒಬ್ಬಳೇ ಇದ್ದಾಗ ಓದು.

ಅಮೆರಿಕದ ಕನ್ನಡ ಸಂಘಗಳಿಗೆ ನಮ್ಮ ನಾಟಕ ಒಯ್ಯುವಾಗ, ಪೆಟ್ರೋಲ್ ಉಳಿಯಲಿ ಅಂತ ನಮ್ಮ ಕಂಪನಿಯ ಅಂಜನ್ ಕುಮಾರ್ ಸಣ್ಣ ಬಾಡಿಗೆ ಕಾರು ಹಿಡಿದ. ಮುಂದೆ ಅವನು ಮತ್ತು ಪೇಟಿ ಬಾರಿಸೋ ತಸ್ಲೀಮ್. ಹಿಂದೆ ನೀನು, ಹಾಡೋ ಹುಡುಗಿ ಬಿಂದು, ನಡುವೆ ಪೇಟಿ, ತೊಡೆಯ ಮೇಲೆ ಕಿರೀಟ. ಈಗ ಡಲ್ಲಾಸ್‌ನಿಂದ ಅಟ್ಲಾಂಟಾಗೆ ಹನ್ನೆರಡು ತಾಸಿನ ದಾರಿ. ಇದೇ ಸಾಕಾ, ದೊಡ್ಡದು ತಗೋಬೇಕಾ, ಮಾಸ್ತರು ಹೇಳಿದಂಗೆ ಮಾಡೋಣ ಅಂತ ನಿನ್ನ ಕೈಲಿ ಕೇಳಿಸಿದ್ದಾನೆ.

ಕೇಳು ಹಾಗಾದರೆ. ಹಳೇ ಮಾರುತಿಯಲ್ಲಿ ಇಡೀ ಕಂಪನಿಯನ್ನೇ ಹೊತ್ತು ತಿರುಗಿದವನು ನಾನು. ಹರಿಹರಕ್ಕೆ ಹೋಗೋರಿಗೆ ಸಣ್ಣ ಕಾರು ಸಿಂಹಾಸನ. ಎಮ್ಮೆ ಅಡ್ಡ ಬಂದರೆ ನಿಲ್ಲುತ್ತೆ, ಚಹಾದಂಗಡಿ ಕಂಡರೆ ತಾನೇ ನಿಲ್ಲುತ್ತೆ, ಎಲ್ಲರೂ ಇಳಿದು ಮೈಮುರಿದು ಹತ್ತುತ್ತೇವೆ. ಅಲ್ಲಿ? ತಾಸುಗಟ್ಟಲೆ ನಿಲ್ಲೋದೇ ಇಲ್ಲ, ಲಾರಿಗಳು ರೈಲಿನಂಗೆ ಹಾದರೆ ಕಾರು ಪಕ್ಕಕ್ಕೆ ಜರುಗುತ್ತೆ, ಬಿಂದು ಕಣ್ಣುಮುಚ್ಚಿ ನಿನ್ನ ಕೈ ಹಿಡೀತಾಳೆ ಅಂತ ನೀನೇ ಅಂದೆ.

ನಿನ್ನೆ ಹರಿಹರದ ಗ್ಯಾರೇಜಿಗೆ ಹೋಗಿ ಗುತ್ತೆಪ್ಪನನ್ನೂ ಕೇಳಿದೆ.

"ಕಾರು ತಡೀತೈತ್ರೀ ಮಾಸ್ತರೇ, ಅಕ್ಕಾರ ಸೊಂಟ ತಡಿಯಲ್ಲ," ಅಂದ.

ಆಮೇಲೆ ನನ್ನ ಹೊಟ್ಟೆ ನೋಡಿ, ನೀವು ಹೋಗದಿದ್ದದ್ದು ಆ ಕಾರಿನ ಪುಣ್ಯ ಅಂತ ನಕ್ಕ. ನಾನೂ ನಕ್ಕೆ. ಜಾಗವಿಲ್ಲದ್ದಕ್ಕೇ ಮಾಸ್ತರು ಉಳಿದರು ಅಂತ ಊರಿಗೆಲ್ಲ ಹೇಳಿದೀನಲ್ಲ.

ನನ್ನ ತೀರ್ಪು ಇದು: ದೊಡ್ಡ ಕಾರೇ ತಗೊಳ್ಳಿ. ಬಾಡಿಗೆ ಹೆಚ್ಚಾದರೆ ಆಗಲಿ. ಆಗಾಗ ಇಳಿದು ನಡೆದಾಡು.

ಇಲ್ಲಿ ಎಲ್ಲ ಕ್ಷೇಮ. ಪಕ್ಕದ ಮನೆಯ ನಾಗಕ್ಕ ಬಂದು, ಯಾಕ್ರೀ ಅಣ್ಣಾರೆ, ಹುಷಾರಿಲ್ಲೇನು, ಮಾತೇ ಕೇಳ್ತಿಲ್ಲ ಅಂತ ವಿಚಾರಿಸಿದಳು. ಇಷ್ಟು ವರ್ಷ ಗೋಡೆ ಬಡಿದು ನನ್ನ ಬಾಯಿ ಮುಚ್ಚಿಸುತ್ತಿದ್ದವಳು! ಎದುರು ಪಾತ್ರವಿಲ್ಲದೆ ನಾನು ಯಾರ ಮೇಲೆ ಗರ್ಜಿಸಲಿ? ಒಂದು ಸಂಜೆ ರಾಜನ ಮಾತು ಶುರುಮಾಡಿದೆ. ನಿನ್ನ ಮಾತಿಗೆ ಜಾಗ ಬಿಟ್ಟು ಕಾದೆ. ಓಣಿಯ ಗಣಪತಿಯ ಮೈಕು ಕೇಳಿಸಿತು.

ನಿನ್ನ ಕಂಠ ಮೊಳಗಲಿ, ನಡು ಗಟ್ಟಿಯಿರಲಿ. ತಸ್ಲೀಮನಿಗೆ ಸಲಾಂ, ಬಿಂದುವಿಗೆ ಆಶೀರ್ವಾದ. ನನ್ನ ರಾಜನ ಪಾತ್ರ ಹಾಕುತ್ತಿರುವ ಅಂಜನ್ ಕುಮಾರನಿಗೆ ಹೇಳು, ಎರಡನೇ ಅಂಕದಲ್ಲಿ ಗದೆ ಎಡಗೈಗೆ ಬರಲಿ.

ಇಂತಿ,
ನಿನ್ನ ಮುರುಗೇಶಪ್ಪ

ತಾ.ಕ.: ಹೋದ ಸಲ ಹರಿಹರದ ಆಟದಲ್ಲಿ ಮಾತು ಮರೆತು ನಿಂತೆನಲ್ಲ, ನನ್ನ ಮಾತನ್ನೂ ನಿನ್ನ ಮಾತಿನೊಳಗೆ ಸೇರಿಸಿ ಹೇಳಿ ನೀನು ಚಪ್ಪಾಳೆ ತಂದೆ. ಆಮೇಲೆ ಪರದೆ ಹಿಂದೆ ಅಂಜನ್ ಕುಮಾರ್, "ಅಮೆರಿಕದಾಗೂ ಹಿಂಗಾದ್ರೆ ಹೆಂಗಕ್ಕಾ?" ಅಂದದ್ದು ನನಗೆ ಕೇಳಿಸಿತ್ತು. ಮರುವಾರ ಕಾರಿನಲ್ಲಿ ಜಾಗವಿಲ್ಲ ಅಂತ ನೀನೇ ಬಂದು ಹೇಳಿದೆ. ಈಗ ದೊಡ್ಡ ಕಾರು ಬಂದರೆ ಒಂದು ಸೀಟು ಖಾಲಿ ಉಳಿಯುತ್ತೆ ಕಸ್ತೂರಿ. ನನಗೆ ಫೋಟೋ ಕಳಿಸೋವಾಗ ಅದರ ಮೇಲೆ ಏನಾದರೂ ಸಾಮಾನು ಇಡು.