ಬಿಸಿ ಮಾಡಿದರೂ ಇಳಿಯದ ಗೆರೆ

ಮೇಷ್ಟ್ರಿಗೆ,

ನಮಸ್ಕಾರ ಎಂದು ಬರೆದು ಹೊಡೆದುಹಾಕಿದೆ, ಆಮೇಲೆ ಮತ್ತೆ ಬರೆದೆ. ಅದು ಹಳೆಯ ಅಭ್ಯಾಸಕ್ಕೆ ಹಾಕಿದ ನಮಸ್ಕಾರ, ನಿಮಗಲ್ಲ. ನಾನಿಲ್ಲಿ ಕ್ಷೇಮವಾಗಿಲ್ಲ. ಮೂರು ದಿನದಿಂದ ಬಾಯೆಲ್ಲ ಕಹಿ, ಊಟ ಸೇರುತ್ತಿಲ್ಲ. ನೀವು ಹಾಯಾಗಿದ್ದೀರಿ ಎಂದು ನಿಮ್ಮ ಕಾಗದವೇ ಹೇಳುತ್ತಿದೆ. ನನಗೆ ಬರೆದದ್ದಲ್ಲ, ಆ ಹುಡುಗಿಗೆ ಬರೆದದ್ದು. ಅವಳು ಅದನ್ನು ನನಗೆ ಕಳಿಸಿದ್ದಾಳೆ.

ಅವಳನ್ನು ನೀವೂ ನೋಡಿಲ್ಲ, ನಾನೂ ನೋಡಿಲ್ಲ. ಬೇರೆ ಊರಿನ ಪ್ರಯೋಗಾಲಯದಲ್ಲಿ ಮೂರು ವರ್ಷದಿಂದ ನಮ್ಮ ಮಿಶ್ರಲೋಹವನ್ನೇ ಹಿಡಿದು ಕೂತಿದ್ದಾಳೆ. ನಮ್ಮ ಲೇಖನದ ಅಳತೆಯ ಗೆರೆಯಲ್ಲಿ ಮೆರೆಯುವ ಆ ಎರಡನೇ ಮೆಟ್ಟಿಲು ಅವಳಿಗೆ ಸಿಗುತ್ತಿಲ್ಲ. ಹನ್ನೊಂದು ತುಂಡು ಒತ್ತಿ ನೋಡಿದ್ದಾಳೆ, ಹನ್ನೊಂದರಲ್ಲೂ ಒಂದೇ ಮೆಟ್ಟಿಲು. ಬರುವ ತಿಂಗಳೊಳಗೆ ಸಿಗದಿದ್ದರೆ ಗಂಟುಮೂಟೆ ಕಟ್ಟು ಎಂದಿದ್ದಾರಂತೆ ಅವಳ ಮೇಲಿನವರು. ದಿಕ್ಕು ತೋಚದೆ ನಿಮ್ಮನ್ನು ಕೇಳಿದಳು. ನೀವು ಬರೆದಿರಿ: "ಕೈ ಇನ್ನೂ ಪಳಗಬೇಕಮ್ಮ. ಈ ಕೈಗುಣ ಎಲ್ಲರಿಗೂ ಬರಲ್ಲ."

ಓದಿ ಥೂ ಎಂದೆ. ಕೋಣೆಯಲ್ಲಿ ಯಾರೂ ಇರಲಿಲ್ಲ, ಗಟ್ಟಿಯಾಗಿಯೇ ಎಂದೆ.

ನಿಮ್ಮ ಕೈಗುಣ ನನಗೆ ಗೊತ್ತಿಲ್ಲದ್ದೇ? ಅಕ್ಕಿಕಾಳಿಗಿಂತ ಚಿಕ್ಕ ಲೋಹದ ತುಂಡಿಗೆ, ಕೂದಲಿಗಿಂತ ತೆಳುವಾದ ನಾಲ್ಕು ತಂತಿಗಳನ್ನು ಬೆಳ್ಳಿಯ ಅಂಟಿನಿಂದ ಕೂರಿಸುವುದನ್ನು ಕಲಿಸಿದವರು ನೀವು. ಆ ನೆಲಮಾಳಿಗೆಯ ಕೋಣೆಯಲ್ಲಿ ಭೂತಗನ್ನಡಿಯ ಕೆಳಗೆ ನಿಮ್ಮ ಬೆರಳು ಒಂದಿಷ್ಟೂ ನಡುಗುತ್ತಿರಲಿಲ್ಲ. ಈ ಲೋಹಕ್ಕೆ ತನ್ನ ಆಕಾರದ ನೆನಪಿರುತ್ತದೆ, ಬಗ್ಗಿಸಿ ಬಿಸಿ ಮಾಡಿದರೆ ಮೊದಲಿನ ಹಾಗಾಗುತ್ತದೆ, ಕಾಂತಕ್ಕೂ ಮಣಿಯುತ್ತದೆ ಎಂದು ನೀವು ಹೇಳಿದಾಗ ನಾನು ಬೆಪ್ಪಾಗಿ ಕೇಳಿದ್ದೆ. ತಣ್ಣಗಾಗುತ್ತ ಹೋದಂತೆ ಒಳಗಿನ ಜೋಡಣೆ ಬದಲಾಗಿ, ವಿದ್ಯುತ್ತಿಗೆ ಅದು ಒಡ್ಡುವ ತಡೆ ಥಟ್ಟನೆ ಮೇಲೇರುತ್ತದೆ. ಗೆರೆಯಲ್ಲಿ ಕಾಣುವ ಆ ಏರಿಕೆಯೇ ಮೆಟ್ಟಿಲು. ಒತ್ತಡ ಹೆಚ್ಚಿದರೆ ಮೆಟ್ಟಿಲಿನ ಜಾಗ ಸರಿಯುತ್ತದೆ. ಮತ್ತೆ ಬಿಸಿ ಮಾಡಿದರೆ, ತುಸು ತಡವಾಗಿಯಾದರೂ, ಏರಿದ್ದು ಇಳಿಯಲೇಬೇಕು. ಇಳಿಯದಿದ್ದರೆ ಲೋಹ ಬದಲಾಗಿಲ್ಲ, ಒಡೆದಿದೆ. ಈ ಪಾಠವನ್ನೂ ಹೇಳಿದವರು ನೀವೇ, ಸ್ವಾಮಿ.

ತುಂಡನ್ನು ಎಣ್ಣೆಯಲ್ಲಿ ಮುಳುಗಿಸಿ ಒತ್ತುವ ಉಕ್ಕಿನ ಕೊಳವೆಯನ್ನು ಮಾಡಿಕೊಟ್ಟ ಲೇತ್ ಕೆಲಸದವನು, ತಿರುಪು ಬಿಗಿಯುತ್ತ, "ಇಷ್ಟು ಒತ್ತಿದ್ರೆ ನಮ್ಮ ಮಾವನೂ ನಿಜ ಹೇಳ್ತಾನೆ ಮೇಡಂ" ಎಂದಿದ್ದ. ನಾವು ಹೊಟ್ಟೆ ಹಿಡಿದು ನಕ್ಕಿದ್ದೆವು.

ತುಂಡನ್ನು ಅತಿ ಹೆಚ್ಚು ಒತ್ತಿದ ದಿನ ನೆನಪಿದೆಯೇ? ತಣಿಸುವಾಗ ಮೊದಲ ಮೆಟ್ಟಿಲು ಬಂತು, ಇನ್ನೂ ತಣಿಸಿದಾಗ ಯಾರೂ ಕಂಡಿರದ ಎರಡನೆಯದು. ನೀವು ಚಪ್ಪಾಳೆ ತಟ್ಟಿ ಇಡೀ ಮಹಡಿಯವರಿಗೆ ಚಹಾ ಕುಡಿಸಿದಿರಿ. ಬಿಸಿ ಮಾಡುವಾಗ ನೀವಿರಲಿಲ್ಲ, ನಾನಿದ್ದೆ. ಮೊದಲನೆಯದು ತನ್ನ ಜಾಗದಲ್ಲಿ ಇಳಿಯಿತು, ಎರಡನೆಯದು ಜಪ್ಪಯ್ಯ ಎಂದರೂ ಇಳಿಯಲಿಲ್ಲ. ಮರುದಿನ ಕೊಳವೆ ಬಿಚ್ಚಿ, ಎಣ್ಣೆ ಒರೆಸಿ ನೋಡಿದರೆ ನಡುವಿನ ಎರಡು ತಂತಿಗಳ ಮಧ್ಯೆ ಕೂದಲೆಳೆಯಂಥ ಬಿರುಕು. ಕೊಳವೆ ಬಿಚ್ಚಿದವರು ಯಾರೊಡನೆಯೂ ಬಾಯಿ ಬಿಡುವ ಮೊದಲು ಕಂಡದ್ದನ್ನು ಪ್ರಯೋಗದ ಪುಸ್ತಕದಲ್ಲಿ ಬರೆಯಬೇಕು ಎನ್ನುವುದು ನಮ್ಮಲ್ಲಿಯ ನಿಯಮ. ಬರೆದೆ: ತುಂಡಿನಲ್ಲಿ ಬಿರುಕು.

"ತೆಗೆಯೋವಾಗ ಒಡೆದಿರುತ್ತೆ, ಬಿಡು" ಎಂದಿರಿ. ತೆಗೆಯುವುದಕ್ಕೆ ಮುಂಚೆಯೇ ಗೆರೆ ಇಳಿದಿರಲಿಲ್ಲ ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದು ಅಲ್ಲೇ ಕೂತಿತು. ನೀವು ಅಂಟಿನ ಶೀಶೆ ನನ್ನ ಕಡೆ ಸರಿಸಿ, ತಣಿಸುವಾಗಿನ ಗೆರೆಯ ಚಿತ್ರವನ್ನು ಆ ಪುಟದಲ್ಲಿ ಅಂಟಿಸಲು ಹೇಳಿದಿರಿ. ನನ್ನ ವಾಕ್ಯದ ಮೇಲೆಯೇ ಅಂಟಿಸಿದೆ. ಮೂಲೆ ಏಳದ ಹಾಗೆ ಹೆಬ್ಬೆರಳಿನಿಂದ ತೀಡಿದೆ. ನನ್ನ ಕೈಯನ್ನು ಯಾರೂ ಹಿಡಿದು ಮಾಡಿಸಲಿಲ್ಲ.

ನಿಮಗೆ ಪ್ರಶಸ್ತಿ ಬಂತು, ನನಗೆ ಪದವಿ. ಒಂಬತ್ತು ವರ್ಷದಿಂದ ಯಾರಾದರೂ ಆ ಲೇಖನದ ಹೆಸರೆತ್ತಿದರೆ ಸಾಕು, ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿಕೊಳ್ಳುತ್ತಿದ್ದೇನೆ. ಮಾಡಿದ್ದುಣ್ಣೋ ಮಹರಾಯ ಎನ್ನುತ್ತಾರೆ. ಇಲ್ಲಿ ಮಾಡಿದವರು ನಾವು, ಉಣ್ಣುತ್ತಿರುವವಳು ಅವಳು. ಅದರ ಮೇಲೆ ನೀವು ಅವಳ ಕೈಯನ್ನೇ ಹಳಿಯುತ್ತೀರಲ್ಲ, ಹೇಸಿಗೆಯಾಗುತ್ತದೆ ಮೇಷ್ಟ್ರೇ. ನಿಮ್ಮ ಅಕ್ಷರ ನೋಡಿದರೂ ಹೇಸಿಗೆಯಾಗುತ್ತದೆ. ಅದೇ ಗುಂಡಗಿನ ಅಕ್ಷರಗಳನ್ನು ಕಷ್ಟಪಟ್ಟು ಅನುಕರಿಸಿ ಕಲಿತ ನನ್ನ ಅಕ್ಷರವೂ ಹಾಗೇ ಕಾಣುತ್ತದೆ.

ಬಿಸಿ ಮಾಡಿದ ದಿನದ ಅಳತೆಗಳ ಪ್ರತಿ ನನ್ನ ಬಳಿ ಉಳಿದಿತ್ತು. ಇಂದು ಬೆಳಿಗ್ಗೆ ಅದನ್ನು ಪತ್ರಿಕೆಯವರಿಗೆ ಕಳಿಸಿ, ಲೇಖನ ಹಿಂತೆಗೆಯಿರಿ ಎಂದು ಬರೆದೆ. ನನ್ನ ಪ್ರಬಂಧದ ಮೂರನೇ ಅಧ್ಯಾಯ ಸುಳ್ಳು ಎಂದು ವಿಶ್ವವಿದ್ಯಾಲಯಕ್ಕೂ ತಿಳಿಸಿದೆ. ಪದವಿ ಹೋಗಬಹುದು, ಅದರ ಹಿಂದೆ ಕಾಲೇಜಿನಲ್ಲಿ ಪಾಠ ಹೇಳುವ ನನ್ನ ಕೆಲಸವೂ. ನಿಮ್ಮನ್ನು ಮೊದಲು ಕೇಳಲಿಲ್ಲ. ಕೇಳಿದ್ದರೆ ಇನ್ನೊಂದು ಶೀಶೆ ಅಂಟು ಸರಿಸುತ್ತಿದ್ದಿರಿ.

ಆಮೇಲೆ ಅವಳಿಗೆ ಇಮೇಲ್ ಬರೆದೆ: ನಿನ್ನ ಹನ್ನೊಂದು ಗೆರೆಗಳೂ ಸರಿ, ನಮ್ಮ ತುಂಡು ಒಡೆದಿತ್ತು, ನಿನ್ನ ಕೈಯಲ್ಲಿ ಯಾವ ದೋಷವೂ ಇಲ್ಲ. ಅವಳು ಕುಣಿದಾಡುತ್ತಾಳೆ, ನನಗೆ ನಾಲ್ಕು ಒಳ್ಳೆಯ ಮಾತು ಬರೆಯುತ್ತಾಳೆ ಎಂದು ಕಾದು ಕೂತೆ ನೋಡಿ, ನನ್ನ ನಾಚಿಕೆಗೇಡಿಗೆ ಮಿತಿಯಿಲ್ಲ. ಗಂಟೆಯೊಳಗೆ ಉತ್ತರ ಬಂತು. ಒಂದೇ ಸಾಲು: "ಅಕ್ಕಾ, ನಿಮಗೆ ಇದು ಮೊದಲಿಂದ್ಲೂ ಗೊತ್ತಿತ್ತಾ?"

ಗೊತ್ತಿತ್ತು ಎಂದು ಬರೆದೆ.

ನಿಮ್ಮ ಆಯಸ್ಸು ಗಟ್ಟಿಯಾಗಿರಲಿ ಮೇಷ್ಟ್ರೇ. ಈ ಪ್ರಶ್ನೆಯನ್ನು ಅವಳು ನಿಮಗೂ ಕೇಳುತ್ತಾಳೆ, ಉತ್ತರ ಕೊಡುವವರೆಗೂ ಬದುಕಿರಿ.

ಇಂತು,
ನಿಮ್ಮ ಶಿಷ್ಯೆಯಾಗಿದ್ದವಳು