ಅಬ್ರಹಾಮಜ್ಜನ ಕುರ್ಚಿ

ಜೆರುಸಲೇಮ್, ತಿಶ್ರಿ ಹದಿನಾರು, ಸೋಮವಾರ ರಾತ್ರಿ

ಚಪ್ಪರದ ಹಬ್ಬದ ಮೊದಲ ದಿನ, ಏನೂ ಬರೆಯಬಾರದ ದಿನ, ಕಳೆಯಿತು; ಈಗ ಪೆನ್ನು ಮುಟ್ಟಬಹುದು. ಬೆಳಗಿನಿಂದ ಎಲ್ಲರೂ ನನಗೆ "ಹಬ್ಬ ಚೆನ್ನಾಗಿ ಆಗ್ಲಿ" ಎನ್ನುತ್ತಿದ್ದಾರೆ. ಆಗಲಿ.

ನಿನ್ನೆ ಮಧ್ಯಾಹ್ನ ಇವರನ್ನು ಮಣ್ಣು ಮಾಡಿ ಬಂದೆವು. ಏಳು ದಿನ ನೆಲದ ಮೇಲೆ ಕೂತು ಗಂಡನಿಗಾಗಿ ಅಳಬೇಕಾದವಳು ಸಂಜೆಯವರೆಗೆ ಮಾತ್ರ ಕೂತೆ. ಹೊತ್ತು ಮುಳುಗುವ ಮೊದಲು ಮೈದುನ ಅಮ್ರಾಮ್ ಬಂದು, "ಅತ್ತಿಗೆ, ಏಳಿ. ಹಬ್ಬ ಬಂದ್ಮೇಲೆ ಸೂತಕ ಇಲ್ಲ. ಖುಷಿಯಾಗಿರ್ಬೇಕು, ಅದೇ ಕಟ್ಟಳೆ," ಎಂದ. ಎದ್ದು ಮುಖ ತೊಳೆದೆ. ಅಳು ನಿಂತಿತೋ, ಬಂದೇ ಇರಲಿಲ್ಲವೋ, ಗೊತ್ತಿಲ್ಲ.

ಅಂಗಳದ ಚಪ್ಪರ ಇವರೇ ಕಟ್ಟಿದ್ದು. ಖರ್ಜೂರದ ಗರಿ ಇನ್ನೂ ಹಸಿರಾಗಿದೆ. ಒಳಗೆ, ರಾತ್ರಿಗೊಬ್ಬರಂತೆ ಕಣ್ಣಿಗೆ ಕಾಣದ ಅತಿಥಿಗಳಾಗಿ ಬರುವ ಮೂಲ ಹಿರಿಯರಿಗೆಂದು ರೇಷ್ಮೆ ಹೊದಿಸಿದ ಖಾಲಿ ಕುರ್ಚಿ. ನಿನ್ನೆ, ಮೊದಲ ರಾತ್ರಿ, ಅಬ್ರಹಾಮಜ್ಜನ ಸರದಿ. ಸಾರಿನ ಪಾತ್ರೆ ಇಳಿಸಿದವಳು ನೋಡದೆ ಅದರಲ್ಲೇ ಕೂತುಬಿಟ್ಟೆ.

ಮದುವೆಯಾದ ವರ್ಷವೂ ಹೀಗೇ ಕೂತಿದ್ದೆ. "ಏಳೇ ಮಾರಾಯ್ತಿ! ಅಜ್ಜ ಏನು ನಿನ್ನ ತೊಡೆ ಮೇಲೆ ಕೂತ್ಕೋಬೇಕಾ?" ಎಂದು ಇವರು ಕೂಗಿದ್ದು ಇಡೀ ಬೀದಿಗೆ ಕೇಳಿತ್ತು.

ನಿನ್ನೆ ಎಲ್ಲರೂ ನೋಡಿದರು. ಅಮ್ರಾಮ್ ಕೂಡ ತಲೆ ತಗ್ಗಿಸಿ ರೊಟ್ಟಿ ಮುರಿದ. ಊಟ ಮುಗಿಯುವವರೆಗೂ ಯಾರೊಬ್ಬರೂ ಏಳು ಎನ್ನಲಿಲ್ಲ.

ಇವತ್ತು ಬೇಕೆಂದೇ ಅದರಲ್ಲಿ ಕೂತೆ. ಬೈಗುಳಕ್ಕೆ ಕಾಯುತ್ತ ಕೂತೆ.