ಇಲ್ಲದ ಕಣಕ್ಕೆ ಹಂಚಿದ ಹಾಲುಬಾಯಿ

ವಾದಿ ಕಬೀರ್, ಮಸ್ಕತ್
ಮಾರ್ಚ್ ೧೯೯೩

ಜರ್ಮನಿಯ ಓಸ್ಟರ್‌ವಾಲ್ಡ್ ಪ್ರೊಫೆಸರರಿಗೆ, ನಿಮ್ಮ ಕೈಕೆಳಗೆ ಕೆಲಸ ಮಾಡುವ ಮೋಹಿನಿಯ ಅಜ್ಜಿ ವಿನೋದಾ ಮಾಡುವ ನಮಸ್ಕಾರ.

ನನ್ನದು ಮೂರನೇ ಕ್ಲಾಸಿನ ಕನ್ನಡ. ನಿಮಗೆ ಅದೂ ಇಲ್ಲ. ಮೋಹಿನಿ ಓದಿ ಹೇಳುತ್ತಾಳೆ. ಮೋಹಿನೀ, ಒಂದು ಮಾತೂ ನುಂಗಬಾರದು. ಕೊನೆಯದ್ದಂತೂ ನುಂಗಲೇಬಾರದು.

ಕಳೆದ ಶುಕ್ರವಾರ ಅವಳು ಫೋನಿನಲ್ಲಿ, "ಅಜ್ಜೀ, ನಮ್ಮ ಪ್ರೊಫೆಸರರನ್ನೇ ಇಡೀ ಪ್ರಯೋಗಶಾಲೆಗೆ ಮುಖ್ಯಸ್ಥರನ್ನಾಗಿ ಮಾಡಿದರು" ಎಂದಳು. ಇನ್ನೊಮ್ಮೆ ಹೇಳು ಎಂದು ಎರಡು ಸಲ ಕೇಳಿದೆ. ಸುಳ್ಳಲ್ಲ. ನಾಲ್ಕು ವರ್ಷದ ಹಿಂದೆಯೇ ನಿಮ್ಮ ಕಥೆ ಖಲಾಸ್ ಎಂದು ಷರಾ ಬರೆದವಳು ನಾನು.

ನಿಮ್ಮ ಕಸುಬೇ ನನಗೆ ಮೊದಲಿಗೆ ಅರ್ಥವಾಗಿರಲಿಲ್ಲ. ನಮ್ಮ ಕೇರಿಯ ಗ್ಯಾರೇಜಿನವರು ಢಿಕ್ಕಿಯಾದ ಕಾರು ಸರಿ ಮಾಡಿ ಬದುಕುತ್ತಾರೆ. ನೀವು ನೆಲದಡಿ ಸುರಂಗ ತೋಡಿ, ಕಣ್ಣಿಗೆ ಕಾಣದ ಕಣಗಳನ್ನು ಢಿಕ್ಕಿ ಹೊಡೆಸಿಯೇ ಬದುಕುತ್ತೀರಂತೆ. ಟ್ರಾಮ್ ರಿಪೇರಿಯವನ ಮಗ, ಯಂತ್ರ ಕಟ್ಟಲು ಹದಿನೈದು ವರ್ಷ ತೇಯ್ದವರು, ನಾನೂರು ಜನ ನಿಮ್ಮ ಮಾತು ಕೇಳುತ್ತಾರೆ ಎಂದೆಲ್ಲ ಮೋಹಿನಿ ಬರೆಯುತ್ತಿದ್ದಳು. ಎಂಬತ್ತೆಂಟರಲ್ಲಿ ನೀವು ಹೊಸ ಕಣ ಸಿಕ್ಕಿತೆಂದು ಸಾರಿದಾಗ ನಾನು ಒಲೆ ಮುಂದೆ ಕೂತು ಅಕ್ಕಿ ಬೆಲ್ಲದ ಹಾಲುಬಾಯಿ ಮಗುಚಿ, ಬಿಲ್ಡಿಂಗಿನ ಹದಿನಾಲ್ಕು ಫ್ಲಾಟಿಗೂ ಹಂಚಿದೆ. ನಿಮಗೆ ಆಗಲೇ ಮುಖ್ಯಸ್ಥರ ಕುರ್ಚಿ ಖಾತ್ರಿ ಎಂಬ ಮಾತಿತ್ತು.

ಮರುವರ್ಷ ಮೋಹಿನಿ ಅಳುತ್ತಾ ಫೋನು ಮಾಡಿದಳು. ಆ ಕಣ ಇಲ್ಲವಂತೆ! ಯಂತ್ರದ ಮೂಲೆಯ ತಂತಿಯೊಂದು ಸುಮ್ಮನೆ ಗುಂಯ್‌ಗುಟ್ಟಿದ್ದನ್ನೇ ಕಣವೆಂದು ಎಣಿಸಿದ್ದಂತೆ. ಅದು ಕಂಡದ್ದು ಇವಳೊಬ್ಬಳಿಗೆ. "ಬಾಯಿ ಮುಚ್ಚಿ ಕೂತುಕೋ ಮಾರಾಯ್ತಿ, ಯಜಮಾನನ ತಪ್ಪು ತೋರಿಸಿದವರು ಉಳಿದದ್ದುಂಟಾ?" ಎಂದು ಬೈದೆ. ಅವಳು ಕೇಳಲಿಲ್ಲ, ನಿಮ್ಮ ಬಾಗಿಲು ತಟ್ಟಿದಳು.

ನೀವು ಏನು ಮಾಡಿದಿರಿ? ನಾನೂರು ಜನರನ್ನು ಸೇರಿಸಿ, "ತಪ್ಪು ನನ್ನದು, ಹಿಡಿದವಳು ಈ ಹುಡುಗಿ" ಎಂದಿರಂತೆ. ಕುರ್ಚಿ ಇನ್ನೊಬ್ಬರಿಗೆ ಹೋಯಿತು. ನನಗೆ ಸಿಡಿಲು ಬಡಿದ ಹಾಗಾಯಿತು. ಗಂಡಸು, ಅದರಲ್ಲೂ ದೊಡ್ಡವನು, ಹಾಗೆ ಹೇಳಿದ್ದನ್ನು ನಾನು ಕೇಳಿಯೇ ಇಲ್ಲ. ಮೇಲಿನ ಮನೆಯ ಬೀಟ್ರಿಸ್ ಬಾಯಿ, "ಹಾಗಾದರೆ ಹಾಲುಬಾಯಿ ವಾಪಸು ಕೊಡಬೇಕಾ ವಿನೋದಕ್ಕಾ?" ಎಂದು ನಕ್ಕರು. ನಾನು ನಿಮ್ಮನ್ನು ಪೆದ್ದ ಎಂದೆ. ಅಂದೆ, ಮುಚ್ಚಿಡುವುದಿಲ್ಲ.

ಮುಚ್ಚಿಟ್ಟದ್ದು ಬೇರೆಯೇ ಇತ್ತು.

ಎಂಬತ್ತೈದರಲ್ಲಿ ಮೋಹಿನಿಯ ತಾಯಿ, ನನ್ನ ಸೊಸೆ ಲೋಲಾಕ್ಷಿಗೆ ಊರಿಂದ ತಂತಿ ಬಂತು, ಅವಳ ತಾಯಿ ಸೀರಿಯಸ್ ಎಂದು. ಟಿಕೆಟ್ಟಾಯಿತು. ಹೊರಡುವ ಬೆಳಿಗ್ಗೆ ನೋಡಿದರೆ ಪಾಸ್‌ಪೋರ್ಟಿದ್ದ ಬಟ್ಟೆಚೀಲ ಸಾಬೂನಿನ ಬಕೆಟ್ಟಿನಲ್ಲಿ. ಪುಟಗಳೆಲ್ಲ ಗಂಜಿ. ಹೊಸದು ಕೈಗೆ ಬರುವಷ್ಟರಲ್ಲಿ ಅಲ್ಲಿ ಚಿತೆ ಆರಿತ್ತು. "ಚೀಲ ಎಲ್ಲಿಡಬೇಕೆಂದು ಗೊತ್ತಿಲ್ಲದವಳು" ಎಂದು ಬೀಟ್ರಿಸ್ ಬಾಯಿಯ ಎದುರೇ ಸೊಸೆಯನ್ನು ಹಂಗಿಸಿದೆ. ಮಗ ಬೋಜನೂ ಅವಳನ್ನೇ ಬೈದ. ಅವಳೂ ತಾನೇ ಮರೆತೆನೆಂದು ನಂಬಿದಳು. ಚೀಲವನ್ನು ಮೊಳೆಯಿಂದ ತೆಗೆದು, ಒಳಗೆ ಕೈ ಹಾಕಿ ನೋಡದೆ ನೆನೆಹಾಕಿದವಳು ನಾನು. ಎಂಟು ವರ್ಷ ನಾಲಿಗೆ ಎಲ್ಲರ ಮೇಲೂ ಹರಿಯಿತು, ಇದೊಂದಕ್ಕೆ ಹೊರಳಲಿಲ್ಲ.

ಆ ಶುಕ್ರವಾರ ಫೋನಿಟ್ಟವಳು ಸೀದಾ ಹೋಗಿ ಬೀಟ್ರಿಸ್ ಬಾಯಿಯನ್ನು ಕರೆತಂದೆ. ಅವರೆದುರು ಹಂಗಿಸಿದ್ದು, ಅವರೆದುರೇ ಹೇಳಬೇಕಲ್ಲ. ಬೋಜನನ್ನೂ ಕೂರಿಸಿ, "ಬಕೆಟ್ಟಿಗೆ ಹಾಕಿದ್ದು ನಾನು ಲೋಲಾಕ್ಷೀ" ಎಂದೆ. ಅವಳು ಹುರುಳಿ ಆರಿಸುತ್ತಿದ್ದಳು. ಮೊರ ಕೆಳಗಿಟ್ಟಳು. ಆಮೇಲೆ ಎದ್ದು ಒಳಗೆ ಹೋದಳು.

ಇವತ್ತಿಗೆ ಐದು ದಿನ. ಹೊತ್ತಿಗೆ ಸರಿಯಾಗಿ ನನ್ನ ಬಟ್ಟಲು ಇಡುತ್ತಾಳೆ. ಮಾತಿಲ್ಲ.

ನಿಮಗೂ ನನಗೂ ಒಂದು ವ್ಯತ್ಯಾಸ ಉಂಟು, ನಾನೇ ಹೇಳಿಬಿಡುತ್ತೇನೆ. ಕುರ್ಚಿ ಹೋಗುತ್ತದೆಂದು ಗೊತ್ತಿದ್ದೂ ನೀವು ಹೇಳಿದಿರಿ. ನಿಮಗೆ ಕುರ್ಚಿ ಸಿಕ್ಕಿತೆಂದು ಕೇಳಿದ ಮೇಲೆ ನಾನು ಬಾಯಿ ಬಿಟ್ಟೆ. ನಿಮಗೆ ನಾಲ್ಕು ವರ್ಷ ಹಿಡಿಯಿತು. ನನಗೀಗ ಎಪ್ಪತ್ತೊಂದು. ಕಾಯುತ್ತೇನೆ.

ಮೋಹಿನೀ, ಓದಿದೆಯಲ್ಲ? ಈಗ ತಾಯಿಗೆ ಫೋನು ಮಾಡು. ನನ್ನ ಪರವಾಗಿ ಏನೂ ಹೇಳಬೇಡ.

ಪ್ರೊಫೆಸರರೇ, ಕೂತ ಕುರ್ಚಿಯಲ್ಲಿ ನೂರು ವರ್ಷ ತಣ್ಣಗಿರಿ. ನಿಮ್ಮ ಬಾಗಿಲು ತಟ್ಟುವವರಿಗೆ ಅದು ಯಾವಾಗಲೂ ತೆರೆಯಲಿ.

ನಿಮ್ಮನ್ನು ಪೆದ್ದ ಎಂದ ಮುದುಕಿ,
ವಿನೋದಾ